ಕೊನೆಯ ಸಾಲಿನ ಹಾಲು

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿ ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಕೊಳವೆಬಾವಿ ಕೈಕೊಟ್ಟ ವರ್ಷ ಇಲ್ಲಿ ಎಷ್ಟೋ ಮನೆಗಳಲ್ಲಿ ಒಲೆ ಉರಿಸುವುದು ಹಸು. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆಯ ದಿನವೇ ಸಂಬಳದ ದಿನ. ಆ ಲೆಕ್ಕ ಪುಸ್ತಕದಿಂದ ಕಂಪ್ಯೂಟರಿಗೆ ಬಂದಮೇಲೆ ಕೂಡುವ ಕಷ್ಟ ತಪ್ಪಿತು. ಕೂಡಿದ್ದು ಎಲ್ಲಿಯವರೆಗೆ ಎಂದು ನೋಡುವ ಅಭ್ಯಾಸವೂ ಜೊತೆಗೇ ಹೋಯಿತು.

ಒಂದು ಡೇರಿಗೆ 40 ಮಂದಿ ಹಾಲು ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಎಕ್ಸೆಲ್ ಹಾಳೆಯಲ್ಲಿ 2ರಿಂದ 41ನೇ ಸಾಲಿನವರೆಗೆ ಅವರ ಹೆಸರು, ಸಿ ಕಾಲಂನಲ್ಲಿ ಲೀಟರು. 42ರಲ್ಲಿ ಟೋಟಲ್: ಸಿ2ರಿಂದ ಸಿ41ರವರೆಗೆ ಕೂಡು ಎಂಬ ಸಮ್ ಸೂತ್ರ. ಹೊಸದಾಗಿ ಹಸು ಕಟ್ಟಿದ ಹೆಣ್ಣುಮಗಳೊಬ್ಬಳು ಸದಸ್ಯೆಯಾದಳು. ಟೋಟಲ್‌ನ ಮೇಲೆ ಒಂದು ಸಾಲು ಸೇರಿಸಿ ಅವಳ ಹೆಸರು ಬರೆದರು. ಟೋಟಲ್ 43ಕ್ಕೆ ಜಾರಿತು, ಸೂತ್ರ ಮಾತ್ರ ಸಿ41ರಲ್ಲೇ ನಿಂತಿತು. ಅವಳ ಹಾಲು ಪಟ್ಟಿಯಲ್ಲಿದೆ, ಮೊತ್ತದಲ್ಲಿಲ್ಲ. ಆ ಮೊತ್ತ ನಂಬಿ ಹಣ ತಂದರೆ ಕೊನೆಯವರಿಗೆ ಸಾಲದು.

ಅದೇ ಸಾಲನ್ನು ನಡುವೆ, 20ರ ಹತ್ತಿರ ಸೇರಿಸಿದ್ದರೆ ಸೂತ್ರ ತಾನಾಗಿ ಸಿ42ರವರೆಗೆ ಹಿಗ್ಗುತ್ತಿತ್ತು. ಸೂತ್ರದ ವ್ಯಾಪ್ತಿಗೆ ಗೊತ್ತಿರುವುದು ತನ್ನ ಎರಡು ತುದಿ ಮಾತ್ರ, ಹೊಲದ ಬಾಂದು ಕಲ್ಲಿನ ಹಾಗೆ. ಒಳಗೆ ಬಂದದ್ದು ಲೆಕ್ಕಕ್ಕೆ, ಆಚೆಗಿನದು ಹೊರಗೆ. ಎಕ್ಸೆಲ್ ಕೆಲವೊಮ್ಮೆ ಊಹಿಸಿ ತಾನೇ ಹಿಗ್ಗಿಸುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಅದಕ್ಕೊಂದು ಆಯ್ಕೆಯೇ ಇದೆ. ಬೇರೆಯವರ ದುಡ್ಡನ್ನು ಊಹೆಯ ಮೇಲೆ ಬಿಡಬಾರದು ಎನ್ನುವುದು ನನ್ನ ಖಚಿತ ನಿಲುವು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ದೇಶಗಳ ಸಾಲದ ಬಗ್ಗೆ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಸರ್ಕಾರಗಳ ಖರ್ಚು ಕಡಿತಕ್ಕೆ ಆಧಾರವೆಂದು ಎತ್ತಿ ತೋರಿಸಲಾಗುತ್ತಿತ್ತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಹಾಳೆ ತೆರೆದು ನೋಡಿದ. 49ನೇ ಸಾಲಿನವರೆಗೆ ಹೋಗಬೇಕಿದ್ದ ಸರಾಸರಿ 44ಕ್ಕೇ ನಿಂತಿತ್ತು. ಐದು ದೇಶಗಳು ಹೊರಗುಳಿದಿದ್ದವು. ಪ್ರಬಂಧದ ಮೇಲೆ ಬೇರೆ ತಕರಾರುಗಳೂ ಇದ್ದವು, ಆದರೆ ಕಣ್ಣಿಗೆ ಹೊಡೆದದ್ದು ಇದು.

ಪರಿಹಾರ ಸುಲಭ. ಕೊನೆಯ ಹೆಸರಿನ ಕೆಳಗೆ ಒಂದು ಸಾಲನ್ನು ಖಾಲಿ ಬಿಟ್ಟು ಬಣ್ಣ ತುಂಬಿ, ಸೂತ್ರದ ವ್ಯಾಪ್ತಿಗೆ ಅದನ್ನೂ ಸೇರಿಸಿ. ಹೊಸಬರನ್ನು ಯಾವಾಗಲೂ ಆ ಬಣ್ಣದ ಸಾಲಿನ ಮೇಲೆಯೇ ಸೇರಿಸಬೇಕು. ಆಗ ಅವರು ಒಳಗೇ ಬರುತ್ತಾರೆ. ಟೋಟಲನ್ನು ಹಾಳೆಯ ತಲೆಗೇ ಒಯ್ದು, ಕೆಳಗಿನ ಸಾವಿರ ಸಾಲನ್ನೂ ಕೂಡುವಂತೆ ಬರೆದರೂ ಆದೀತು.

ಟೋಟಲ್ ಪಕ್ಕದಲ್ಲಿ ಅದೇ ವ್ಯಾಪ್ತಿಯಲ್ಲಿ ಅಂಕಿ ಇರುವ ಸಾಲುಗಳನ್ನು ಎಣಿಸುವ ಒಂದು ಕೌಂಟ್ ಸೂತ್ರವನ್ನೂ ಹಾಕಿಡಿ. ಹಾಲು ಹಾಕದವರ ಮುಂದೆ 0 ಬರೆದಿರಬೇಕು. ‘12 ಲೀ’ ಎಂದು ಅಕ್ಷರ ಬೆರೆಸಿ ಟೈಪಿಸಿದ್ದನ್ನು ಸಮ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕೌಂಟ್ ಕೂಡ ಅದನ್ನು ಎಣಿಸದೆ ಆ ಕೊರತೆಯನ್ನು ತೋರಿಸಿಕೊಡುತ್ತದೆ. ಸದಸ್ಯರ ರಿಜಿಸ್ಟರಿನಲ್ಲಿ 41 ಇದ್ದು ಹಾಳೆ 40 ಎಂದರೆ, ಬಟವಾಡೆಗೆ ಕೂರುವ ಮುಂಚೆಯೇ ಆ ಒಬ್ಬರು ಯಾರೆಂದು ಹುಡುಕಬೇಕು.