ಉಪ್ಪುಗಾಳಿಯ ಊರಿಗೆ ಎಂಥ ಗೇಮಿಂಗ್ ಕೀಬೋರ್ಡ್, ಎಂಥ ಮೌಸ್?

ಭಟ್ಕಳ, ಹೊನ್ನಾವರ, ಕುಮಟಾದ ಕಡಲ ಬದಿಯ ಮನೆಯವರಿಗೆ ಉಪ್ಪುಗಾಳಿಯ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೇಟಿನ ಚಿಲಕ ಕಿರುಗುಟ್ಟುತ್ತದೆ. ಆಷಾಢದಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ. ಅದೇ ಗಾಳಿ ಕಂಪ್ಯೂಟರ್ ಮೇಜಿಗೂ ಬರುತ್ತದೆ ಎಂಬುದನ್ನು ಮಾತ್ರ ಗೇಮಿಂಗ್ ಕೀಬೋರ್ಡ್, ಮೌಸ್ ಕೊಳ್ಳುವಾಗ ಮರೆಯುತ್ತೇವೆ. ಡಬ್ಬದ ಮೇಲೆ 26,000 ಡಿಪಿಐ, 8,000 ಹರ್ಟ್ಜ್, 1.68 ಕೋಟಿ ಬಣ್ಣ ಎಂದೆಲ್ಲ ಬರೆದಿರುತ್ತದೆ. ಎಷ್ಟು ಮಳೆಗಾಲ ಬಾಳುತ್ತದೆ ಎಂದು ಬರೆದಿರುವುದಿಲ್ಲ. ಆ ಲೆಕ್ಕ ನಾವೇ ಹಾಕಿಕೊಳ್ಳಬೇಕು.

ಡಿಪಿಐ: ಸ್ಕೇಲ್ ಹಿಡಿದು ಅಳೆಯಿರಿ

ಡಿಪಿಐ ಅಂದರೆ ಮೌಸನ್ನು ಒಂದು ಇಂಚು ಸರಿಸಿದರೆ ಅದು ಎಷ್ಟು ಹೆಜ್ಜೆ ಎಣಿಸುತ್ತದೆ ಎಂಬ ಸಂಖ್ಯೆ. 800 ಡಿಪಿಐನಲ್ಲಿ 1920 ಪಿಕ್ಸೆಲ್ ಅಗಲದ ಪರದೆಯನ್ನು ಈ ಅಂಚಿನಿಂದ ಆ ಅಂಚಿಗೆ ದಾಟಲು ಮೌಸು 2.4 ಇಂಚು, ಅಂದರೆ ಸುಮಾರು 6 ಸೆಂಟಿಮೀಟರ್ ಓಡಬೇಕು. 26,000 ಡಿಪಿಐ ಇಟ್ಟರೆ ಅದೇ ಪರದೆ 2 ಮಿಲಿಮೀಟರಿನೊಳಗೆ ಮುಗಿದುಹೋಗುತ್ತದೆ. ಅಷ್ಟು ಸಣ್ಣ ಅಂತರದಲ್ಲಿ ಗುರಿ ಹಿಡಿಯಲು ಯಾವ ಕೈಗೂ ಸಾಧ್ಯವಿಲ್ಲ. ಆದ್ದರಿಂದ ಗುರಿಯಿಟ್ಟು ಆಡುವ ಬಹುತೇಕ ಆಟಗಾರರು 400ರಿಂದ 1,600ರೊಳಗೇ ಇರುತ್ತಾರೆ.

ನೋಡಬೇಕಾದದ್ದು ಸೆನ್ಸರ್ ಪ್ರಾಮಾಣಿಕವಾಗಿದೆಯೇ ಎಂಬುದನ್ನು. ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್' ತೆಗೆದುಹಾಕಿ, ವೇಗದ ಗುಂಡಿಯನ್ನು ನಡುವೆ ನಿಲ್ಲಿಸಿ. ಸ್ಕೇಲ್ ಪಕ್ಕ ಮೌಸಿಟ್ಟು ಮೊದಲು ನಿಧಾನವಾಗಿ, ಆಮೇಲೆ ರಭಸದಿಂದ ಅಷ್ಟೇ ದೂರ ಎಳೆಯಿರಿ. ಎರಡು ಸಲವೂ ಬಾಣದ ಗುರುತು ಹೆಚ್ಚುಕಡಿಮೆ ಒಂದೇ ಕಡೆ ನಿಂತರೆ ಸೆನ್ಸರ್ ಒಳ್ಳೆಯದು. ರಭಸಕ್ಕೆ ಹಿಂದೆ ಬಿದ್ದರೆ ಅಥವಾ ಎತ್ತಲೋ ಹಾರಿದರೆ ಅದನ್ನು ವಾಪಸ್ ಮಾಡಿ.

ಮೇಜಿನ ಜಾಗವೂ ಮುಖ್ಯ. ವ್ಯಾಲೊರಂಟ್ ಆಟದಲ್ಲಿ 800 ಡಿಪಿಐ, 0.4 ಸೆನ್ಸಿಟಿವಿಟಿ ಇಟ್ಟರೆ ಒಂದು ಪೂರ್ತಿ ಸುತ್ತು ತಿರುಗಲು ಮೌಸು ಸುಮಾರು 41 ಸೆಂಟಿಮೀಟರ್ ಚಲಿಸಬೇಕು. ಸಣ್ಣ ಮೇಜಿನಲ್ಲಿ ನಂಬರ್ ಪ್ಯಾಡ್ ಇರುವ ಉದ್ದ ಕೀಬೋರ್ಡ್ ಇಟ್ಟರೆ ಅಷ್ಟು ಜಾಗ ಸಿಗುವುದಿಲ್ಲ. ಅಂಗಡಿ ಲೆಕ್ಕಕ್ಕೆ ನಂಬರ್ ಪ್ಯಾಡ್ ಬೇಕಿಲ್ಲವಾದರೆ ಅದಿಲ್ಲದ ಗಿಡ್ಡ ಕೀಬೋರ್ಡೇ ಒಳ್ಳೆಯದು.

ಇನ್ನು ಹರ್ಟ್ಜ್. ಮೌಸು ತಾನೆಲ್ಲಿದ್ದೇನೆ ಎಂದು ಸೆಕೆಂಡಿಗೆ ಎಷ್ಟು ಸಲ ವರದಿ ಒಪ್ಪಿಸುತ್ತದೆ ಎಂಬುದೇ ಈ ಪೋಲಿಂಗ್ ರೇಟ್. 125 ಹರ್ಟ್ಜ್ ಆದರೆ 8 ಮಿಲಿಸೆಕೆಂಡಿಗೊಂದು ವರದಿ, 1,000 ಆದರೆ 1 ಮಿಲಿಸೆಕೆಂಡಿಗೊಂದು. ಮನೆಯಲ್ಲಿರುವ ಮಾಮೂಲಿ 60 ಹರ್ಟ್ಜ್ ಮಾನಿಟರ್ ಚಿತ್ರ ಬದಲಿಸುವುದೇ 16.7 ಮಿಲಿಸೆಕೆಂಡಿಗೊಮ್ಮೆ. ಅಲ್ಲಿಗೆ 1,000 ಧಾರಾಳ ಸಾಕು. 8,000 ಇಟ್ಟರೆ ಹಳೆಯ ಪ್ರೊಸೆಸರಿಗೆ ಭಾರ ಹೆಚ್ಚುತ್ತದೆ, ಅಷ್ಟೆ.

ಒಂದು ಒತ್ತಿದರೆ ಎರಡು

ಮೌಸಿನ ಎಡಗುಂಡಿಯ ಕೆಳಗೆ ಬೆರಳುಗುರಿಗಿಂತ ಚಿಕ್ಕದೊಂದು ಪೆಟ್ಟಿಗೆ, ಅದರೊಳಗೆ ತೆಳ್ಳನೆಯ ಲೋಹದ ತಗಡು ಇರುತ್ತದೆ. ಒತ್ತಿದಾಗ ತಗಡು ಬಾಗಿ ಇನ್ನೊಂದು ಲೋಹದ ತುದಿಗೆ ತಗಲುತ್ತದೆ. ತಗಲುವಾಗ ಕ್ಷಣಕಾಲ ಪುಟಿಯುತ್ತದೆ. ಆ ಪುಟಿತವನ್ನು ಲೆಕ್ಕಕ್ಕೆ ಹಿಡಿಯದಂತೆ ಮೌಸಿನ ಚಿಪ್ ಕೆಲವು ಮಿಲಿಸೆಕೆಂಡು ಕಾಯುತ್ತದೆ. ಸವೆದು, ತೇವಕ್ಕೆ ಮಾಸಿದ ಲೋಹ ಸರಿಯಾಗಿ ಕೂರುವುದಿಲ್ಲ, ಸಂಪರ್ಕ ತುಂಡುತುಂಡಾಗುತ್ತದೆ. ಚಿಪ್ಪಿನ ತಾಳ್ಮೆ ಮುಗಿದ ಮೇಲೂ ತುಂಡಾದರೆ ಒಂದು ಕ್ಲಿಕ್ ಎರಡಾಗುತ್ತದೆ. ಫೋಲ್ಡರನ್ನು ಒಮ್ಮೆ ಒತ್ತಿದರೆ ತೆರೆದುಕೊಳ್ಳುವುದು, ಹಿಡಿದು ಎಳೆಯುತ್ತಿದ್ದ ಫೈಲ್ ನಡುದಾರಿಯಲ್ಲಿ ಬಿದ್ದುಹೋಗುವುದು ಇದರ ಮೊದಲ ಲಕ್ಷಣ.

ಕರಾವಳಿಯವರಿಗೆ ಇದಕ್ಕೆ ಮದ್ದು ಆಪ್ಟಿಕಲ್ ಸ್ವಿಚ್ಚಿನ ಮೌಸ್. ಅಲ್ಲಿ ಲೋಹ ಲೋಹಕ್ಕೆ ತಗಲುವುದೇ ಇಲ್ಲ. ಗುಂಡಿ ಒತ್ತಿದಾಗ ಬೆಳಕಿನ ದಾರಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ, ಅದೇ ಕ್ಲಿಕ್. ಮಾಸಲು ಅಲ್ಲಿ ಲೋಹದ ತುದಿಯೇ ಇಲ್ಲ.

ಇನ್ನೊಂದು ಎಚ್ಚರ. ಕೆಲವು ಮೌಸುಗಳ ಮೈಗೆ ಮೆತ್ತನೆಯ ರಬ್ಬರಿನಂಥ ಲೇಪವಿರುತ್ತದೆ. ಅಂಗಡಿಯಲ್ಲಿ ಮುಟ್ಟಿದಾಗ ಹಿತವೆನಿಸುತ್ತದೆ. ಸೆಕೆ, ಬೆವರು, ತೇವ ಸೇರಿದರೆ ಕಾಲಕ್ರಮದಲ್ಲಿ ಈ ಲೇಪ ಕರಗಿ ಹಲಸಿನ ಮೇಣದಂತೆ ಅಂಟತೊಡಗುತ್ತದೆ. ನಮ್ಮ ಹವೆಗೆ ಒರಟು ಮೈಯ ಬರಿಯ ಪ್ಲಾಸ್ಟಿಕ್ಕೇ ಸರಿ.

ಡಿಟಿಪಿ ಅಂಗಡಿಯ ಕಟಕಟ

ಮೆಕ್ಯಾನಿಕಲ್ ಕೀಬೋರ್ಡ್ ನಮಗೆ ಹೊಸದೇನಲ್ಲ. ತಾಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಗಳಲ್ಲಿ ಕಟಕಟ ಎನ್ನುತ್ತಿದ್ದ ಹಳೆಯ ಟಿವಿಎಸ್ ಗೋಲ್ಡ್ ಕೀಬೋರ್ಡಿನೊಳಗೆ ಇದ್ದದ್ದು ಚೆರ್ರಿ ಕಂಪನಿಯ ನೀಲಿ ಸ್ವಿಚ್. ಅರ್ಜಿ, ಕರಾರುಪತ್ರ ಬಡಿದ ಆ ತಂತ್ರವೇ ಇವತ್ತು ಬಣ್ಣದ ದೀಪ ತೊಟ್ಟು ಗೇಮಿಂಗ್ ಹೆಸರಿನಲ್ಲಿ ಬಂದಿದೆ.

ನೀಲಿ ಸ್ವಿಚ್ ಸದ್ದು ಮಾಡುತ್ತದೆ, ಬೆರಳಿಗೆ ತಡೆಯೂ ಸಿಗುತ್ತದೆ. ಕಂದು ಬಣ್ಣದ್ದರಲ್ಲಿ ತಡೆಯಿದೆ, ಕ್ಲಿಕ್ ಸದ್ದಿಲ್ಲ. ಕೆಂಪು ಎರಡೂ ಇಲ್ಲದೆ ನೇರವಾಗಿ ಇಳಿಯುತ್ತದೆ. ಚೆರ್ರಿ ಕೆಂಪು ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, 2 ಮಿಲಿಮೀಟರಿಗೇ ಅಕ್ಷರ ಮೂಡುತ್ತದೆ. ಓಡುವ, ಗುಂಡು ಹೊಡೆಯುವ ಆಟಕ್ಕೆ ಕೆಂಪು ಹಗುರ. ರಾತ್ರಿ ಹನ್ನೊಂದಕ್ಕೆ ಮನೆಮಂದಿ ಮಲಗಿರುವಾಗ ನೀಲಿ ಹಿಡಿದು ಕೂತರೆ ಎರಡನೆಯ ದಿನವೇ ಬೈಗುಳ ಖಚಿತ.

ಇನ್ನೊಂದು ಬಗೆ ಅಯಸ್ಕಾಂತದ್ದು, ಹಾಲ್ ಎಫೆಕ್ಟ್. ಕೀಲಿ ಎಷ್ಟು ಇಳಿದಿದೆ ಎಂಬುದನ್ನು ಸೆನ್ಸರ್ ಕಾಂತಬಲದಿಂದ ಅಳೆಯುತ್ತದೆ. ಇಲ್ಲಿಯೂ ಲೋಹ ತಗಲುವುದಿಲ್ಲ, ಆದ್ದರಿಂದ ಉಪ್ಪುಗಾಳಿಗೆ ಇದು ಒಳ್ಳೆಯ ಜೋಡಿ. ಎಷ್ಟು ಒತ್ತಿದರೆ ಅಕ್ಷರ ಮೂಡಬೇಕು ಎಂಬುದನ್ನು ನಾವೇ ನಿಗದಿ ಮಾಡಬಹುದು. ಆದರೆ ಒಂದು ಸೌಲಭ್ಯದ ಬಗ್ಗೆ ಜಾಗ್ರತೆ. ಎಡ, ಬಲ ಕೀಲಿ ಒಟ್ಟಿಗೆ ಒತ್ತಿದರೆ ಕೊನೆಗೆ ಒತ್ತಿದ್ದನ್ನೇ ಹಿಡಿಯುವ 'ಸ್ನ್ಯಾಪ್ ಟ್ಯಾಪ್' ಅನ್ನು ರೇಜರ್ 2024ರಲ್ಲಿ ತಂದಿತು. ಅದೇ ವರ್ಷದ ಆಗಸ್ಟಿನಲ್ಲಿ ವಾಲ್ವ್ ಕಂಪನಿ ಕೌಂಟರ್ ಸ್ಟ್ರೈಕ್ 2ರ ಅಧಿಕೃತ ಸರ್ವರುಗಳಲ್ಲಿ ಇಂಥದ್ದನ್ನು ನಿಷೇಧಿಸಿತು. ದುಡ್ಡು ಕೊಟ್ಟು ಕೊಂಡ ಸೌಲಭ್ಯವೇ ಆಟದಿಂದ ಹೊರಗೆ ಹಾಕಿಸಬಹುದು.

ಎಷ್ಟು ಕೀಲಿ ಒಟ್ಟಿಗೆ?

ಕೀಬೋರ್ಡಿನೊಳಗೆ ಒಂದೊಂದು ಕೀಲಿಗೂ ಒಂದೊಂದು ತಂತಿ ಇರುವುದಿಲ್ಲ. ಅಡ್ಡ, ಉದ್ದ ಗೆರೆಗಳ ಜಾಲ ಇರುತ್ತದೆ. ಚೌಕದ ಮೂರು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ. ಈ ಭೂತವನ್ನು ಓಡಿಸಲು ಅಗ್ಗದ ಕೀಬೋರ್ಡುಗಳು ಮೂರನೆಯ ಕೀಲಿಯನ್ನೇ ನುಂಗುತ್ತವೆ. ಪ್ರತಿ ಕೀಲಿಗೂ ಒಂದು ಡಯೋಡ್ ಹಾಕಿದರೆ ಸಮಸ್ಯೆಯೇ ಇಲ್ಲ. ಡಬ್ಬದ ಮೇಲಿನ 'ಎನ್-ಕೀ ರೋಲೋವರ್' ಅಂದರೆ ಎಷ್ಟು ಕೀಲಿ ಒತ್ತಿದರೂ ಒಂದೂ ತಪ್ಪುವುದಿಲ್ಲ ಎಂಬ ಮಾತು.

ಪರೀಕ್ಷೆ ಸುಲಭ. ನೋಟ್‌ಪ್ಯಾಡ್ ತೆರೆದು ಎರಡೂ ಶಿಫ್ಟ್ ಒತ್ತಿ ಹಿಡಿಯಿರಿ. ಹಾಗೆಯೇ ಎಯಿಂದ ಜೆಡ್‌ವರೆಗೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಟೈಪ್ ಮಾಡಿ. ಅಗ್ಗದ ಕೀಬೋರ್ಡಿನಲ್ಲಿ ನಡುನಡುವೆ ಅಕ್ಷರಗಳು ಕಾಣೆಯಾಗುತ್ತವೆ. ಕನ್ನಡ ಬರೆಯುವವರಿಗೂ ಇದು ಉಪಯೋಗ: ಕೆ.ಪಿ. ರಾವ್ ರೂಪಿಸಿದ, 'ನುಡಿ' ತಂತ್ರಾಂಶ ಬಳಸುವ ಕೀಲಿವಿನ್ಯಾಸದಲ್ಲಿ ಕಕಾರವನ್ನು ಖಕಾರ ಮಾಡುವುದೇ ಶಿಫ್ಟ್.

ಕೊಳ್ಳುವಾಗ, ಕೊಂಡ ಮೇಲೆ

ಭಟ್ಕಳದ ಎಷ್ಟೋ ಮನೆಗಳಿಗೆ ಇಂಥ ಸಾಮಾನು ಬರುವುದು ಗಲ್ಫಿನಿಂದ ಊರಿಗೆ ಬರುವವರ ಸೂಟ್‌ಕೇಸಿನಲ್ಲಿ. ತರಲು ಹೇಳುವ ಮೊದಲು ಎರಡು ವಿಷಯ ವಿಚಾರಿಸಿ. ಅನೇಕ ಕಂಪನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ ಸೀಮಿತ. ಜೊತೆಗೆ ಅಲ್ಲಿನ ಕೆಲವು ಕೀಬೋರ್ಡುಗಳಲ್ಲಿ ಎಂಟರ್ ಎತ್ತರ, ಎಡ ಶಿಫ್ಟ್ ಗಿಡ್ಡ. ನಮ್ಮಲ್ಲಿ ಸಿಗುವ ಬದಲಿ ಕೀಕ್ಯಾಪ್ ಅಲ್ಲಿ ಕೂರುವುದಿಲ್ಲ.

ರಿಪೇರಿಗೆಂದು ಮಂಗಳೂರಿಗೋ ಹುಬ್ಬಳ್ಳಿಗೋ ಅಲೆಯುವ ಬದಲು ಸ್ವಿಚ್ಚನ್ನು ಚಿಮುಟದಿಂದ ಕಿತ್ತು ಬದಲಿಸಬಹುದಾದ 'ಹಾಟ್ ಸ್ವಾಪ್' ಕೀಬೋರ್ಡ್ ಕೊಳ್ಳಿ. ಒಂದು ಕೀಲಿ ಕೆಟ್ಟರೆ ಒಂದೇ ಸ್ವಿಚ್ ಸಾಕು, ಬೆಸುಗೆ ಬೇಡ. ಮಳೆಗಾಲದಲ್ಲಿ ಆಟ ಮುಗಿದ ಮೇಲೆ ಬಟ್ಟೆ ಹೊದಿಸಿ, ಕಿಟಕಿಯ ಪಕ್ಕ ಇಡಬೇಡಿ. ಬಟ್ಟೆಯ ಮೌಸ್‌ಪ್ಯಾಡ್ ತೊಳೆದರೆ ಪೂರ್ತಿ ಒಣಗಿಸಿಯೇ ಹಾಸಿ. ವೈರ್‌ಲೆಸ್ ಮೌಸಾದರೆ ಅದರ ಡಾಂಗಲನ್ನು ನೀಲಿ ಬಾಯಿಯ ಯುಎಸ್‌ಬಿ 3 ಪೋರ್ಟಿನಿಂದ ದೂರವಿಡಿ. ಆ ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಜ್ ಸಂಕೇತವನ್ನು ಕೆಡಿಸುತ್ತದೆ.

ದುಡ್ಡು ಕಡಿಮೆಯಿದ್ದರೆ ಮೊದಲು ಮೌಸಿಗೆ, ಆಮೇಲೆ ಕೀಬೋರ್ಡಿಗೆ, ದೀಪಕ್ಕೆ ಎಲ್ಲಕ್ಕಿಂತ ಕೊನೆಗೆ ಖರ್ಚು ಮಾಡಿ. ಆನ್‌ಲೈನಿನಲ್ಲಿ ತರಿಸಿದರೆ ಡಬ್ಬ ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಸ್ಕೇಲ್ ಮತ್ತು ಶಿಫ್ಟ್ ಪರೀಕ್ಷೆ ಎರಡಕ್ಕೂ ಸೇರಿ ಹತ್ತು ನಿಮಿಷ ಸಾಕು. ವಾಪಸಾತಿಯ ಗಡುವು ಮುಗಿಯುವ ಮೊದಲೇ ಆ ಹತ್ತು ನಿಮಿಷ ತೆಗೆಯಿರಿ.