ಬೇಲಿಯೇ ಎದ್ದು ಹೊಲ ಮೇಯ್ದಾಗ

ಹಳ್ಳಿಯ ದಾರಿಯಲ್ಲಿ ನಡೆಯುವವರ ಕಣ್ಣನ್ನು ಸೆಳೆಯದೆ ಬಿಡದು ಲಂಟಾನದ ಬೇಲಿ. ಹಳದಿ, ಕಿತ್ತಳೆ, ನಸುಗೆಂಪು ಬಣ್ಣಗಳು ಒಂದೇ ಗೊಂಚಲಿನಲ್ಲಿ ಬೆರೆತ ಆ ಪುಟ್ಟ ಹೂಗಳ ಸುತ್ತ ಚಿಟ್ಟೆಗಳ ಜಾತ್ರೆಯೇ ನೆರೆದಿರುತ್ತದೆ. ಈ ಗಿಡ ನೀರು ಕೇಳದು, ಗೊಬ್ಬರ ಬೇಡದು. ಮುಳ್ಳಿಗೆ ಅಂಜಿ ದನವೂ ನುಗ್ಗದು. ಹಿತ್ತಲಿಗೆ ಇದಕ್ಕಿಂತ ಒಳ್ಳೆಯ ಕಾವಲು ಇನ್ನೊಂದಿಲ್ಲವೆಂದು ಹಿರಿಯರು ಭಾವಿಸಿದ್ದರೆ ಆಶ್ಚರ್ಯವೇನೂ ಇಲ್ಲ.

ಆದರೆ ಈ ಕಾವಲುಗಾರನ ಕುಲಗೋತ್ರವನ್ನು ವಿಚಾರಿಸಿದವರು ಕಡಮೆ. ಅಮೆರಿಕದ ಉಷ್ಣಪ್ರದೇಶ ಇದರ ತವರು. 19ನೆಯ ಶತಮಾನದ ಆದಿಯಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಇದು, ಕ್ರಮೇಣ ಮನೆಮನೆಯ ಬೇಲಿಯಾಯಿತು. ಬೇಲಿಯ ಕಪ್ಪು ಹಣ್ಣನ್ನು ಪಿಕಳಾರಗಳು ತಿಂದು, ಬೀಜವನ್ನು ಕಾಡಿಗೂ ಒಯ್ದವು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಜಿಂಕೆ ಮೇಯಬೇಕಾದ ಹುಲ್ಲನ್ನು ಇಂದು ಲಂಟಾನದ ಪೊದೆಗಳು ಅಡಗಿಸಿವೆ. ಭಾರತದ ಹುಲಿಗಳ ನೆಲೆಯಲ್ಲಿ ಸುಮಾರು 1,54,000 ಚದರ ಕಿಲೋಮೀಟರು ಕಾಡನ್ನು ಇದು ಆವರಿಸಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು.

ಕಾಡಿನ ಮಾತು ಹಾಗಿರಲಿ. ಕೊಟ್ಟಿಗೆಯ ಹಸುವಿಗೂ ಇದು ಹಗೆ. ಊರಿನ ದನಗಳು ಸಾಮಾನ್ಯವಾಗಿ ಇದರ ವಾಸನೆಗೇ ದೂರ ಸರಿಯುತ್ತವೆ. ಆದರೆ ಬರಗಾಲದಲ್ಲಿ ಹಸಿದ ಹಸುವಾಗಲಿ, ಹೊಸದಾಗಿ ಕೊಂಡು ತಂದ ಕರುವಾಗಲಿ ಬಾಯಿ ಹಾಕಿದರೆ, ಎಲೆಯ ವಿಷ ಯಕೃತ್ತನ್ನು ಕೆಡಿಸುತ್ತದೆ. ಕಾಮಾಲೆ ಕಾಣಿಸಿಕೊಂಡು, ಬಿಸಿಲು ತಾಗಿದಲ್ಲೆಲ್ಲ ಚರ್ಮ ಸುಟ್ಟಂತೆ ಬಿರಿಯುತ್ತದೆ. ಅಂಥ ಹಸುವನ್ನು ತಕ್ಷಣ ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸತಕ್ಕದ್ದು.

ಹಾಗಾದರೆ ಈ ಬೇಲಿಯನ್ನು ತೆಗೆಯುವ ಬಗೆ ಹೇಗೆ? ಕತ್ತಿಯಿಂದ ಸವರಿದರೆ ಪ್ರಯೋಜನವಿಲ್ಲ. ಬೆಂಕಿಯಿಟ್ಟರೂ ಬುಡ ಮತ್ತೆ ಚಿಗುರುತ್ತದೆ. ಹಣ್ಣು ಕಟ್ಟುವ ಮೊದಲೇ, ನೆಲ ಹದವಾಗಿರುವಾಗ, ಕಾಂಡವೂ ಬೇರೂ ಕೂಡುವ ಗಂಟಿನ ಕೆಳಗೆ ಕಡಿದು, ಬುಡವನ್ನು ತಲೆಕೆಳಗಾಗಿಸಿ ಒಣಗಿಸಬೇಕು. ಹಸಿ ಕೊಂಬೆಗಳನ್ನು ಒದ್ದೆ ಮಣ್ಣಿನ ಮೇಲೆ ಬಿಟ್ಟರೆ ಅವೂ ಬೇರೂರುತ್ತವೆ. ನೆಲದಲ್ಲಿ ಉಳಿದ ಬೀಜಗಳು ಮೊಳೆಯುತ್ತಲೇ ಇರುವುದರಿಂದ, ಮುಂದಿನ ಕೆಲವು ವರ್ಷ ಸಸಿಗಳನ್ನು ಕೀಳುತ್ತಿರಬೇಕು.

ಇಡೀ ಬೇಲಿಯನ್ನು ಒಂದೇ ಸಲ ಕಿತ್ತರೆ ಹಿತ್ತಲು ಬಯಲಾಗುತ್ತದೆ. ಆದಕಾರಣ ವರ್ಷಕ್ಕೊಂದು ಮಗ್ಗುಲನ್ನು ಮಾತ್ರ ಕೈಗೆತ್ತಿಕೊಂಡು, ಅಲ್ಲಿಗೆ ತಾತ್ಕಾಲಿಕವಾಗಿ ಮುಳ್ಳುಕಂಟಿ ಜೋಡಿಸಿ, ಮುಂಗಾರಿನಲ್ಲಿ ಹೊಸ ಗಿಡ ನೆಡುವುದು ಲೇಸು. ಅದಕ್ಕೆ ನಮ್ಮ ನೆಲದವೇ ಆದ ಲಕ್ಕಿ, ಆಡುಸೋಗೆಗಳಿವೆಯಲ್ಲ! ಎರಡೂ ಬಲಿತ ಕಡ್ಡಿಯಿಂದಲೇ ಬೇರು ಬಿಡುತ್ತವೆ. ಒಂದೊಂದು ಅಡಿ ಅಂತರದಲ್ಲಿ, ಎರಡು ಸಾಲಾಗಿ, ಒಂದರ ಸಂದಿಗೆ ಇನ್ನೊಂದು ಬರುವಂತೆ ನೆಟ್ಟು, ಆಗಾಗ ತುದಿ ಸವರುತ್ತಿದ್ದರೆ ಬೇಲಿ ದಟ್ಟವಾಗುತ್ತದೆ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಗೂ ಆಡುಸೋಗೆ ಒಂದು ಅಪವಾದ! ಲಕ್ಕಿಯ ನೀಲಿ ಹೂವಿಗೆ ಜೇನು ಬರುತ್ತದೆ. ಅದರ ಸೊಪ್ಪು ಮೈಕೈ ನೋವಿಗೆ ಶಾಖಕ್ಕೆ ಒದಗುತ್ತದೆ.

ಕಿತ್ತ ಲಂಟಾನವೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆದು ಜೀವನೋಪಾಯ ಕಂಡುಕೊಂಡಿದ್ದಾರೆ.

ಹಿತ್ತಲಿನ ಬೀಜ ಹಕ್ಕಿಯ ಹೊಟ್ಟೆಯಲ್ಲಿ ಕಾಡು ಸೇರುವುದೆಂದ ಮೇಲೆ, ಕಾಡನ್ನು ಉಳಿಸುವ ಕೆಲಸವೂ ಹಿತ್ತಲಿನಲ್ಲಿಯೇ ಆರಂಭವಾಗಬೇಕಲ್ಲವೆ?