ಪ್ರೊಬೇಷನ್ ಅಧಿಕಾರಿಯ ಮನಸ್ಸನ್ನು ಕಾಯೋರು ಯಾರು?

ಇವತ್ತು ಲಿವರ್‌ಪೂಲ್‌ಗೆ ಹೋಗೋಣ. ಇಂಗ್ಲೆಂಡಿನದಲ್ಲ, ಸಿಡ್ನಿಯ ನೈರುತ್ಯಕ್ಕಿರೋ ಲಿವರ್‌ಪೂಲ್. ಅಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರದ 'ಕಮ್ಯುನಿಟಿ ಕರೆಕ್ಷನ್ಸ್' ಕಚೇರಿಯೊಂದಿದೆ. ಷರತ್ತಿನ ಮೇಲೆ ಜೈಲಿನ ಹೊರಗೇ ಶಿಕ್ಷೆ ಪೂರೈಸುವವರು, ಪೆರೋಲ್ ಮೇಲೆ ಬಿಡುಗಡೆಯಾದವರು, ಇವರ ಮೇಲ್ವಿಚಾರಣೆ ಇಂಥ ಕಚೇರಿಗಳ ಕೆಲಸ. ನಮ್ಮ ಕರ್ನಾಟಕದಲ್ಲಿ ಪರಿವೀಕ್ಷಣಾಧಿಕಾರಿ ಅಂತೀವಲ್ಲ, ಅದಕ್ಕೆ ಹತ್ತಿರದ ಹುದ್ದೆ.

ಈ ಅಧಿಕಾರಿಗಳು ದಿನವಿಡೀ ಏನು ಮಾಡ್ತಾರೆ? ಶಿಕ್ಷೆಗೆ ಮುಂಚೆ ನ್ಯಾಯಾಲಯಕ್ಕೆ ವರದಿ ಬರೀತಾರೆ. ಅದಕ್ಕಾಗಿ ಅಪರಾಧದ ವಿವರ ಓದಬೇಕು, ಅಪರಾಧ ಮಾಡಿದವರನ್ನೇ ಎದುರು ಕೂರಿಸಿಕೊಂಡು ಮಾತಾಡಿಸಬೇಕು. ಮನೆಗಳಿಗೂ ಭೇಟಿ ಕೊಡಬೇಕು. ಒಬ್ಬನನ್ನು ತಿದ್ದೋ ಜವಾಬ್ದಾರಿ, ಅವನು ಷರತ್ತು ಮುರಿದರೆ ವರದಿ ಮಾಡೋ ಜವಾಬ್ದಾರಿ, ಎರಡೂ ಒಂದೇ ಹೆಗಲ ಮೇಲೆ. ಅವನು ಮತ್ತೆ ಯಾರಿಗಾದರೂ ಹಾನಿ ಮಾಡಿದರೆ, 'ನನ್ನ ಕಣ್ಣಿಗೆ ಏನಾದ್ರೂ ತಪ್ಪಿತಾ' ಅನ್ನೋ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುತ್ತೆ.

ಈಗ ಜೀವಶಾಸ್ತ್ರಕ್ಕೆ ಬರೋಣ. ಅಪಾಯದ ಸುಳಿವು ಸಿಕ್ಕಾಗ ಮಿದುಳಿನ ಹೈಪೋಥಲಾಮಸ್, ಪಿಟ್ಯುಟರಿ ಗ್ರಂಥಿಯ ಮೂಲಕ ಅಡ್ರಿನಲ್ ಗ್ರಂಥಿಗೆ ಸಂದೇಶ ಕಳಿಸುತ್ತೆ. ಕಾರ್ಟಿಸಾಲ್ ಹಾರ್ಮೋನು ಬಿಡುಗಡೆಯಾಗುತ್ತೆ. ಸ್ವಲ್ಪ ಹೊತ್ತಿಗೆ ಅದೇ ಕಾರ್ಟಿಸಾಲ್ ಮಿದುಳಿಗೆ ಮರಳಿ 'ಇನ್ನು ಸಾಕು' ಅನ್ನುತ್ತೆ. ಟ್ಯಾಂಕ್ ತುಂಬಿದಾಗ ಮೋಟಾರು ತಾನೇ ನಿಲ್ಲೋ ಹಾಗೆ. ಆದರೆ ಒಂದು ಫೈಲು ಮುಚ್ಚೋದರೊಳಗೆ ಇನ್ನೊಂದು ತೆರೆದರೆ ಮೋಟಾರಿಗೆ ಬಿಡುವೇ ಇಲ್ಲ. ಹೀಗೆ ದೇಹದ ಮೇಲೆ ಬೀಳೋ ಸವೆತಕ್ಕೆ ಬ್ರೂಸ್ ಮೆಕ್‌ಎವೆನ್ ಮತ್ತು ಎಲಿಯಟ್ ಸ್ಟೆಲ್ಲರ್ 1993ರಲ್ಲಿ 'ಅಲೊಸ್ಟ್ಯಾಟಿಕ್ ಲೋಡ್' ಅಂತ ಹೆಸರಿಟ್ಟರು. ನಿದ್ದೆ, ರಕ್ತದೊತ್ತಡ, ನೆನಪು, ಎಲ್ಲಕ್ಕೂ ಇದರ ಪೆಟ್ಟು ತಗಲುತ್ತೆ.

'ಅವರಿಗೇನೂ ಆಗಿಲ್ಲವಲ್ಲ, ಬರೀ ಓದಿದ್ದು, ಕೇಳಿದ್ದು ತಾನೇ?' ಅಂತ ನೀವು ಕೇಳಬಹುದು. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ: ವೃತ್ತಿಯ ಭಾಗವಾಗಿ ಘೋರ ವಿವರಗಳನ್ನು ಪದೇಪದೇ ಎದುರಿಸೋದೂ ಪಿಟಿಎಸ್‌ಡಿಗೆ ಕಾರಣವಾಗಬಹುದು.

ಕಾನೂನು ಇದನ್ನು ಹೇಗೆ ನೋಡುತ್ತೆ ಅಂತ ತಿಳಿಯೋಕೆ ಮೆಲ್ಬರ್ನಿನ ಒಂದು ಪ್ರಕರಣ ನೋಡೋಣ. ಅದು ಪ್ರೊಬೇಷನ್ ಅಧಿಕಾರಿಯದಲ್ಲ, ಲೈಂಗಿಕ ಅಪರಾಧಗಳ ಮೊಕದ್ದಮೆ ನಡೆಸುವ ಸರ್ಕಾರಿ ಘಟಕದ ವಕೀಲೆಯದು. ಕೆಲಸದಿಂದಲೇ ಅವರಿಗೆ ಪಿಟಿಎಸ್‌ಡಿ ಬಂತು. ಇಂಥ ಆಘಾತದ ಬಗ್ಗೆ ಕಚೇರಿಯಲ್ಲಿ ಲಿಖಿತ ನೀತಿ ಇತ್ತು, ಆದರೆ ಅದು ಸರಿಯಾಗಿ ಜಾರಿಯಾಗಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಕೊಜರೋವ್ ಪ್ರಕರಣದಲ್ಲಿ ಅವರ ಪರ ತೀರ್ಪು ಕೊಟ್ಟಿತು. ಕೆಲಸದ ಸ್ವರೂಪದಲ್ಲೇ ಅಪಾಯ ಇದ್ದಾಗ, ನೌಕರರು ಕುಸಿಯೋ ಲಕ್ಷಣ ಕಾಣಲಿ ಅಂತ ಸಂಸ್ಥೆ ಕಾಯೋ ಹಾಗಿಲ್ಲ ಅನ್ನೋದು ಅದರ ಸಾರ.

ಅದೇ ವರ್ಷ ಅಕ್ಟೋಬರ್ 1ರಿಂದ ನ್ಯೂ ಸೌತ್ ವೇಲ್ಸ್‌ನಲ್ಲಿ ಕೆಲಸದ ಮಾನಸಿಕ ಅಪಾಯಗಳನ್ನು ನಿಯಂತ್ರಿಸೋದು ನಿಯಮದಲ್ಲೇ ಸ್ಪಷ್ಟವಾಗಿ ಸೇರಿತು. ವಿಕ್ಟೋರಿಯಾದಲ್ಲಿ 2025ರ ಡಿಸೆಂಬರ್ 1ರಿಂದ ಇಂಥದ್ದೇ ನಿಯಮ ಬಂದಿದೆ. ತರಬೇತಿ ಕೊಟ್ಟು ಕೈತೊಳೆದುಕೊಳ್ಳೋಕೆ ಅದರಲ್ಲಿ ಅವಕಾಶ ಇಲ್ಲ, ಮೊದಲು ಕೆಲಸದ ರೀತಿಯನ್ನೇ ಬದಲಿಸಬೇಕು.

ಹಾಗಂದ್ರೆ ಏನು? ಒಬ್ಬರ ಕೈಗೆ ಎಷ್ಟು ಪ್ರಕರಣ ಅನ್ನೋದಕ್ಕೆ ಮಿತಿ ಇರಬೇಕು. ಘೋರ ಪ್ರಕರಣಗಳು ಒಬ್ಬರಿಗೇ ಬೀಳದ ಹಾಗೆ ಸರದಿ ಇರಬೇಕು. ಮನೆ ಭೇಟಿಗೆ ಜೊತೆಗಾರರಿರಬೇಕು. ಮೇಲಧಿಕಾರಿಯ ಹತ್ತಿರ ಪ್ರಕರಣದ ಜೊತೆಗೆ ತನ್ನ ಬಗ್ಗೆಯೂ ಮಾತಾಡೋಕೆ ಸಮಯ ಬೇಕು, ಹಾಗೆ ಮಾತಾಡಿದ್ದು ಬಡ್ತಿಗೆ ಅಡ್ಡಿ ಆಗಬಾರದು. ಯೋಗ, ವ್ಯಾಯಾಮ, ಆಪ್ತಸಲಹೆ ಖಂಡಿತ ಒಳ್ಳೇದು. ಆದರೆ ಮೋಟಾರು ಹಗಲೂರಾತ್ರಿ ಓಡ್ತಾ ಇರುವಾಗ ಅದಕ್ಕೆ ಎಣ್ಣೆ ಹಾಕಿದರಷ್ಟೇ ಸಾಲದು, ಸ್ವಿಚ್ಚು ಆರಿಸೋ ಅವಕಾಶ ಬೇಕು.

ನಿಮ್ಮ ಮನೆಯಲ್ಲೂ ಇಂಥ ಕೆಲಸದವರು ಇರಬಹುದು: ಪೊಲೀಸರು, ನರ್ಸು, ಸಮಾಜ ಕಾರ್ಯಕರ್ತರು. ಅವರು ಸಂಜೆ ಸುಮ್ಮನೆ ಕೂತಿದ್ದರೆ 'ಗಟ್ಟಿಯಾಗಿರು' ಅನ್ನೋ ಮುಂಚೆ, 'ಇವತ್ತು ಕೆಲಸ ಹೇಗಿತ್ತು?' ಅಂತ ಒಮ್ಮೆ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.